ಸಂದು ಬಿಡದ ದೋಣಿ

ರೋಣ ತಾಲೂಕು
೧೪ ನವೆಂಬರ್ ೨೦೨೪

ಆಚೆ ದಂಡೆಯ ಈರೇಶ ಅವರಿಗೆ, ಇನ್ನೂ ನಿಮ್ಮ ಹೆಂಡತಿ ಎನಿಸಿಕೊಂಡಿರುವ ನೇತ್ರಾಳ ನಮಸ್ಕಾರ.

ಕ್ಷೇಮ ಕೇಳಲು ಬರೆಯುತ್ತಿಲ್ಲ. ಹಾಲೇಶ ಹೋಗಿ ಇಂದಿಗೆ ಹನ್ನೆರಡು ದಿನ. ನೀವು ಕದ್ದು ಬಂದು ನಮ್ಮ ದೋಣಿಯ ಮೊಳೆ ಕಿತ್ತಿರಿ, ಅದಕ್ಕೇ ನನ್ನ ತಮ್ಮ ಮುಳುಗಿದ ಎಂದು ಊರೆಲ್ಲ ಹೇಳುತ್ತಿದೆ. ಹಾಗೆಂದು ಠಾಣೆಯಲ್ಲಿ ಹೇಳಿಕೆ ಕೊಡು ಎಂದು ಹಿರಿಯರು ನನ್ನ ಬೆನ್ನು ಹತ್ತಿದರು.

ಒಂದು ಕೆರೆಯ ಮೀನಿನ ಗುತ್ತಿಗೆಗೆ ಎರಡು ಊರು ಹೊಡೆದಾಡಿದವು. ನಮ್ಮವರು ಬಲೆ ಹಾಕಿದರೆ ನಿಮ್ಮವರು ಕತ್ತರಿಸಿದರು. ನಮ್ಮವರು ಪೀಪಾಯಿ ಕಟ್ಟಿ ತೆಪ್ಪ ಮಾಡಿದರೆ ನಿಮ್ಮವರು ದೋಣಿಯನ್ನೇ ಇಳಿಸಿದರು. ಗಂಡಸರು ಅದನ್ನು ಯುದ್ಧ ಎಂದು ಕರೆದು ಮೀಸೆ ತಿರುವಿದರು. ಆ ದೋಣಿ ಕಟ್ಟಿದವರು ನೀವು. ಮಲ್ಪೆಯಲ್ಲಿ ಎರಡು ವರ್ಷ ಕಲಿತದ್ದನ್ನು ಹೆಂಡತಿಯ ತವರಿನ ಮೇಲೆ ತೋರಿಸಿದಿರಿ. ನಾನು ಮುನಿಸಿಕೊಂಡು ಇಲ್ಲಿಗೆ ಬಂದೆ. ಕರೆಯಲು ನೀವು ಒಮ್ಮೆಯೂ ಬರಲಿಲ್ಲ.

ಆಗ ಊರವರು ನಮಗೂ ಒಂದು ದೋಣಿ ಬೇಕೆಂದು ಅಪ್ಪನ ಬಾಗಿಲಿಗೆ ಬಂದರು. ನಲವತ್ತು ವರ್ಷ ಚಕ್ಕಡಿ ಕಟ್ಟಿದ ಹನಮಂತಪ್ಪ ಬಡಿಗ, ಟ್ರ್ಯಾಕ್ಟರ್ ಬಂದ ಮೇಲೆ ಕಟ್ಟೆಯ ಮೇಲೆ ಸುಮ್ಮನೆ ಕೂತವನು, ಮತ್ತೆ ಉಳಿ ಮಸೆದ. ಒಣಗಿದ ಜಾಲಿ ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ, ಕೂದಲೂ ತೂರದಂತೆ ಬಡಿದು ಕೂರಿಸಿದ. ಮೂತಿಗೆ ಹಳೆಯ ಗಾಲಿಯ ಕಬ್ಬಿಣದ ಪಟ್ಟಿ ಬಡಿದ, ನಿಮ್ಮ ದೋಣಿಗೆ ಗುದ್ದಲೆಂದು. ದೋಣಿಗೆ ಕುಂಕುಮ ಹಚ್ಚಿದ ದಿನ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಅದೇ ಸಂಜೆ ನೀವು ಫೋನ್ ಮಾಡಿದಿರಿ. "ಹಲಗಿ ಬಿಚ್ಚಿ ನಡುವ ಉಗುರಿನಷ್ಟು ಸಂದ ಬಿಡ್ರಿ ಅಂತ ಮಾವಗ ಹೇಳು. ಹತ್ತಿ, ರಾಳ ತುಂಬಲಿ. ನೀರು ಕುಡದ್ರ ಕಟಗಿ ಹಿಗ್ಗತೈತಿ, ಹಲಗಿ ಸಿಡಿತಾವು. ಇದು ಚಕ್ಕಡಿ ಅಲ್ಲ" ಎಂದಿರಿ.

ನಾನು ಹೇಳಲಿಲ್ಲ.

ಅಪ್ಪನ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಮ್ಮಪ್ಪನ ಮುಂದೆ ನಿಮ್ಮ ಮಾತು ಗೆಲ್ಲುವುದು ನನಗೆ ಬೇಕಿರಲಿಲ್ಲ.

ದೋಣಿ ಮೂರು ದಿನ ದಂಡೆಯ ನೀರಿನಲ್ಲಿ ನಿಂತಿತ್ತು. ನಾಲ್ಕನೆಯ ದಿನ ಕೆರೆಯ ನಡುವೆ ತಳದ ಹಲಗೆ ಸಿಡಿಯಿತು. ಮೂವರು ಈಜಿ ಬಂದರು. ಹಾಲೇಶನ ಕಾಲು ಬಲೆಯಲ್ಲಿ ಸಿಕ್ಕಿತ್ತು. ಅಪ್ಪ ಹೆಣದ ಮುಂದೆ ಕೂತು ಒಂದೇ ಮಾತು ಆಡಿದ: "ನಾ ಕೂಡಿಸಿದ ಹಲಗಿ ಇಷ್ಟು ವರ್ಷದಾಗ ಒಂದೂ ಬಿಟ್ಟಿಲ್ಲ. ಯಾರೋ ಬಿಚ್ಚ್ಯಾರ." ಆ ಯಾರೋ ಎಂಬಲ್ಲಿ ನಿಮ್ಮ ಹೆಸರು ಸೇರಿಸಲು ಊರಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ತೆರೆಯಲಿಲ್ಲ.

ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನೀವು ಮೊದಲ ದೋಣಿ ಕಟ್ಟದಿದ್ದರೆ ಅಪ್ಪ ಎರಡನೆಯದನ್ನು ಕಟ್ಟುತ್ತಿರಲಿಲ್ಲ.

ಇಂತಿ,
ನೇತ್ರಾ ಹನಮಂತಪ್ಪ ಬಡಿಗೇರ

ತಾ.ಕ.: ಹೇಳಿಕೆಯನ್ನು ನಿನ್ನೆಯೇ ಕೊಟ್ಟು ಬಂದೆ. ನೀವು ಮೊಳೆ ಕೀಳುವುದನ್ನು ಕಣ್ಣಾರೆ ಕಂಡೆ ಎಂದು ಸಹಿ ಹಾಕಿದ್ದೇನೆ. ನಾಳೆ ಪೊಲೀಸರು ನಿಮ್ಮನ್ನು ಹಿಡಿಯಲು ಬರುತ್ತಾರೆ. ಈ ಪತ್ರವನ್ನು ವಕೀಲರಿಗೆ ಕೊಟ್ಟರೆ ನೀವು ಉಳಿಯುತ್ತೀರಿ. ಆದರೆ ಮಗ ಸತ್ತದ್ದು ತನ್ನ ಕೈಕೆಲಸದಿಂದ, ಮಗಳ ಮೌನದಿಂದ ಎಂದು ಅಪ್ಪನಿಗೆ ಗೊತ್ತಾಗುತ್ತದೆ. ನನ್ನ ಬಾಯಿಂದ ಅದನ್ನು ಅವನಿಗೆ ಹೇಳಲು ಆಗಲಿಲ್ಲ. ನೀವೇ ಹೇಳಿ.