ಗ್ರ್ಯಾಂಟ್ ಲ್ಯಾಪ್ಸ್ ಆಗಬಾರದು

ಮೀರಾ ಮೆಸಾ, ಸ್ಯಾನ್ ಡಿಯಾಗೊ
22 ಸೆಪ್ಟೆಂಬರ್ 2024

ಮಗಳೇ ಮೇಧಾ,

ಅಲ್ಲಮ್ಮಾ, ಮದ್ದುಗುಂಡು ತುಂಬಿಟ್ಟುಕೊಂಡವರು ಅದನ್ನು ಸುಮ್ಮನೆ ನೋಡುತ್ತ ಕೂರುತ್ತಾರೆಯೇ ಎಂದು ನಿನ್ನೆ ನೀನು ಕೇಳಿದ್ದು ಸರಿಯೇ. ಆದರೆ ಸೇನೆಗೆ ಡ್ರೋನ್ ಮಾಡುವ ಕಂಪನಿಯಲ್ಲಿದ್ದಾನೆಂದು ಅಣ್ಣ ಸಂಕೇತನಿಗೆ "ಈ ಮನೆ ಅನ್ನ ನಂಗೆ ಇಳಿಯಲ್ಲ" ಅಂದು, ತಟ್ಟೆ ಬಿಟ್ಟೆದ್ದು ಲಾಸ್ ಏಂಜಲೀಸ್‌ಗೆ ಹೊರಟುಬಿಟ್ಟೆಯಲ್ಲ, ಅದು ಸರಿಯೇ? ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನನ್ನ ಮಂಡಿ ಹಾಗೇ ಇದೆ.

ನೀನು ಹೋದ ಮೇಲೆ ಸಂಕೇತನ ಜೊತೆ ವಾದಕ್ಕೆ ನಾನೇ ಕೂತೆ. ನಾನು ರಸ್ತೆ ಕಾಮಗಾರಿ ಆಫೀಸಿನಲ್ಲಿದ್ದಾಗ ಮಾರ್ಚ್ ಎಂಡಿಂಗ್ ಬಂತೆಂದರೆ ಚೆನ್ನಾಗಿದ್ದ ರಸ್ತೆಯನ್ನೇ ಅಗೆದು ಮತ್ತೆ ಟಾರು ಹಾಕಿಸುತ್ತಿದ್ದರು. ದುಡ್ಡು ಉಳಿದರೆ ಗ್ರ್ಯಾಂಟ್ ಲ್ಯಾಪ್ಸ್, ಮುಂದಿನ ವರ್ಷ ಕಡಿಮೆ ಕೊಡುತ್ತಾರೆ. ದೇಶಗಳೂ ಹಾಗೇ ಕಣೋ, ಇರುವ ಮದ್ದುಗುಂಡು ಖರ್ಚು ಮಾಡಲು ಯುದ್ಧ ಹುಡುಕುತ್ತವೆ ಎಂದೆ. ಅವನು ನಕ್ಕ. "ಇಲ್ಲಿ ಮಾರ್ಚ್ ಅಲ್ಲ, ಸೆಪ್ಟೆಂಬರ್ ಎಂಡಿಂಗ್ ಅಪ್ಪಾ. ನಾವು ಡ್ರೋನ್ ಮಾಡೋದೇ ಯುದ್ಧ ಬರದೆ ಇರ್ಲಿ ಅಂತ." ಬರದಿದ್ದರೆ ಮುಂದಿನ ವರ್ಷದ ದುಡ್ಡನ್ನು ಯಾವ ನೆಪದಲ್ಲಿ ಕೇಳುತ್ತಾರೆ ಎಂದೆ. ಅಷ್ಟರಲ್ಲಿ ಮಿರಾಮಾರ್ ವಾಯುನೆಲೆಯ ಕಡೆಯಿಂದ ಜೆಟ್ ಒಂದು ಮನೆಯ ಮೇಲೇ ಹಾದುಹೋಯಿತು. ಅವನೇನೋ ಅಂದ, ಕೇಳಿಸಲಿಲ್ಲ. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಎಲ್ಲ ಮರೆತಿದ್ದೇನೆ, 'ವಿಷಸ್ ಸರ್ಕಲ್' ಅನ್ನುವುದು ಮಾತ್ರ ನೆನಪಿದೆ, ಅದರಲ್ಲಿ ವಿಷ ಇದೆಯಲ್ಲ, ಅದಕ್ಕೆ. ಆಯುಧದಿಂದ ಯುದ್ಧ, ಯುದ್ಧದಿಂದ ಮತ್ತೆ ಆಯುಧ, ಇದೂ ಅದೇ ಎಂದೆ. "ವಿಷಸ್ ಅಲ್ಲ, ವಿಶಿಯಸ್" ಎಂದು ತಿದ್ದಿ ಎದ್ದುಹೋದ. ಉತ್ತರ ಇಲ್ಲದವರೆಲ್ಲ ಉಚ್ಚಾರಣೆ ತಿದ್ದುತ್ತಾರೆ.

ಹಾಗೆಂದು ನಿನ್ನ ಮಾತನ್ನೂ ಪೂರ್ತಿ ಒಪ್ಪಲಾರೆ. ಬಂದೂಕೇ ಇಲ್ಲದ ದೇಶವನ್ನು ಪಕ್ಕದವನು ಸುಮ್ಮನೆ ಬಿಡುತ್ತಾನೆಯೇ? ಆದರೂ, ನಾವು ಅಗೆದ ಗುಂಡಿಗೆ ಸ್ಕೂಟರಿನವರು ಬಿದ್ದು ಮೊಣಕೈ ತರಚಿಕೊಂಡರು, ಅಷ್ಟೇ. ಇವರ ಗುಂಡಿಗೆ ಊರಿಗೆ ಊರೇ ಬೀಳುತ್ತದೆ. ಯಾರಿಗೆ ಹೇಳಲಿ ಇದನ್ನು? ನಿಮ್ಮಮ್ಮ ಇದ್ದಿದ್ದರೆ ಇಬ್ಬರ ಬಾಯಿಯನ್ನೂ ಮುಚ್ಚಿಸಿ ಇನ್ನೊಂದು ರೊಟ್ಟಿ ಬಡಿಸುತ್ತಿದ್ದಳು. ನನಗೆ ಎರಡೂ ಬರುವುದಿಲ್ಲ.

ಅರೆ, ಬೆಳಕೇ ಹೋಯಿತು. ಬರೆದ ಸಾಲು ನನಗೇ ಕಾಣುತ್ತಿಲ್ಲ. ಸಿಟ್ಟಿದ್ದರೂ ಹೊಟ್ಟೆ ಖಾಲಿ ಬಿಡಬೇಡ, ಅಷ್ಟೇ ನನ್ನ ಆಶೀರ್ವಾದ.

ನಿನ್ನ ಅಪ್ಪ,
ಬಸವಲಿಂಗಪ್ಪ

ತಾ. ಕ.: ದೀಪ ಹಾಕಿಕೊಂಡು ಮತ್ತೆ ಕೂತಿದ್ದೇನೆ. ಮರೆತೆ ಅಂದರೆ ಸುಳ್ಳಾಗುತ್ತದೆ, ಬರೆಯಲು ಹಿಂಜರಿದೆ. ಹೊಸ ಆರ್ಡರ್ ಬರದಿದ್ದರೆ ಸಂಕೇತನ ಟೀಮನ್ನೇ ತೆಗೆದುಹಾಕುತ್ತಾರಂತೆ. ನಿನಗೆ ಹೇಳಬೇಡ ಎಂದಿದ್ದಾನೆ. ಬೆಳಿಗ್ಗೆ ಪೂಜೆಗೆ ಕೂತು, ಆರ್ಡರ್ ಬರಲಪ್ಪಾ ಶಿವನೇ ಎಂದು ಬೇಡಿಕೊಂಡೆ. ಅದು ಬರಬೇಕಾದರೆ ಎಲ್ಲಿ ಏನು ನಡೆಯಬೇಕು ಎನ್ನುವುದು ಆರತಿ ಎತ್ತುವಾಗ ಹೊಳೆಯಿತು. ಕೈ ಅಲ್ಲೇ ನಿಂತಿತು. ನಾಳೆಯೂ ಪೂಜೆಗೆ ಕೂರಬೇಕಲ್ಲ ಮಗಳೇ, ಏನೆಂದು ಬೇಡಲಿ?