ಪೂಜೆಯ ಹೂಗಳಿಗೆ ದೊರೆತ ಜಾಗ

ಕ್ಯೋಟೊ, ಜಪಾನ್

ಚಿರಂಜೀವಿ ತಮ್ಮ ವೀರೇಶನಿಗೆ ಆಶೀರ್ವಾದಪೂರ್ವಕವಾಗಿ ತಿಳಿಯಪಡಿಸುವುದೇನೆಂದರೆ, ನಮ್ಮ ನೇಕಾರರ ತಂಡ ಇಲ್ಲಿಗೆ ಸುಖವಾಗಿ ತಲುಪಿದೆ. ಇಂದು ಬೆಳಿಗ್ಗೆ ಲಿಂಗಪೂಜೆಯ ಹೂಗಳನ್ನು, ರಬಕವಿಯಲ್ಲಿ ಕೃಷ್ಣೆಗೆ ಬಿಡುವಂತೆ, ಇಲ್ಲಿಯ ಹೊಳೆಗೆ ಬಿಡಲು ಹೋದಾಗ ಒಬ್ಬ ಮುದುಕಿ ಓಡಿಬಂದು ನನ್ನ ಕೈ ಹಿಡಿದಳು.

"ಕಾಕಾ, ಇಲ್ಲಿ ಹೊಳ್ಯಾಗ ಏನೂ ಹಾಕಂಗಿಲ್ರಿ! ಪೊಲೀಸರನ್ನ ಕರೀತಾಳ ನೋಡ್ರಿ ಈಗ," ಎಂದು ಜೊತೆಗಿದ್ದ ನಮ್ಮ ತಂಡದ ಹುಡುಗ ಗೌರೀಶ ಗಾಬರಿಯಾದ. ನನಗಾದರೋ ಪೊಲೀಸರಿಗಿಂತ, ಸದರಿ ಹೂಗಳು ಕಸದ ಬುಟ್ಟಿ ಸೇರಿಯಾವೆಂಬ ಭಯವೇ ಹೆಚ್ಚಾಗಿತ್ತು. ಪೂಜೆಯ ಹೂಗಳೆಂದು ಕೈಮುಗಿದು ತೋರಿಸಿದೆ. ಆಕೆ ತಲೆಬಾಗಿ, ಅವನ್ನು ಎರಡೂ ಕೈಗಳಲ್ಲಿ ಪಡೆದು, ತನ್ನ ಮನೆಯ ಮುಂದಿನ ಕುಂಡದ ಮಣ್ಣಿನಲ್ಲಿ ಹೂತಿಟ್ಟಳು. ಜೀವ ನಿರಾಳವಾಯಿತು.

ನನ್ನ ಮೊಣಕಾಲು ನೋವು ಈಗ ಕಡಿಮೆಯಿದೆ. ನಾಳೆಯ ಹೂಗಳನ್ನೂ ತನಗೇ ತಂದುಕೊಡಬೇಕೆಂದು ಆಕೆ ಸನ್ನೆಯಿಂದ ಅಪ್ಪಣೆ ಮಾಡಿದ್ದಾಳೆ.

ಅವಸರದಲ್ಲಿ, ನಿನ್ನ ಅಣ್ಣ
ಶಿದ್ರಾಮಪ್ಪ