ಸುಷ್ಮಿತಾ ಸಹಿ ಮಾಡಿದ ಪತ್ರ

6 ಸೆಪ್ಟೆಂಬರ್ 2025, ಶನಿವಾರ, ಬೆಳಿಗ್ಗೆ

ಸಾರಿ. ಬರೆಯಬಾರದು ಅಂತಲೇ ಇದ್ದೆ. ಶಾಲೆಯ ಹಾಸ್ಟೆಲ್‌ನಲ್ಲಿ ವಾರ್ಡನ್ ಮೇಡಂ ತಿಂಗಳಿಗೊಮ್ಮೆ ಎಲ್ಲರ ಡೈರಿ ತರಿಸಿ ಓದುತ್ತಿದ್ದರು. ಅದಕ್ಕೆ ಮೊದಲ ಸಾಲಲ್ಲೇ ಸಾರಿ ಹಾಕಿಬಿಡುವುದು ರೂಢಿ. ಈ ಕಾಲೇಜು ಹಾಸ್ಟೆಲ್‌ನಲ್ಲಿ ಯಾರೂ ಓದುವುದಿಲ್ಲ. ಆದರೂ ಕೈ ತಾನೇ ಬರೆಯಿತು.

ಉಪ್ಪಿಟ್ಟು ತಿಂದೆ. ಎಂಟರ ಕ್ಲಾಸ್ ಅಟೆಂಡ್ ಮಾಡಿದೆ, ಇಂಗ್ಲಿಷ್ ಸರ್ ನನ್ನ ಕಡೆ ನೋಡಿದರೆ ಸಾಕು ತಲೆ ತಗ್ಗಿಸುತ್ತೇನೆ. ಹತ್ತಕ್ಕೆ ಕಮಿಟಿ ಮೀಟಿಂಗ್.

ಕಮಿಟಿ ನನ್ನ ಹಳೇ ಶಾಲೆಯದು. ಶಿಲಾವನ, ಸಂಡೂರು ರಸ್ತೆ. ಆರರಿಂದ ಹತ್ತನೇ ಕ್ಲಾಸ್ ತನಕ ಅಲ್ಲೇ ಇದ್ದೆ, ಫ್ರೀ ಸೀಟ್. ಈಗ ಅಂಥ ಸೀಟುಗಳಿಗೆ ಫಂಡ್ ಎತ್ತುತ್ತಿದ್ದಾರೆ. ಒಬ್ಬ ದಾನಿಗೆ ಒಬ್ಬ ಹುಡುಗಿ. ನಡೆಸುವವರೆಲ್ಲ ಸಂಬಳವಿಲ್ಲದ ವಾಲಂಟಿಯರ್‌ಗಳು. ಚೇರ್ಮನ್ ಹಾಲೇಶ್ ಸರ್, ಕಂಪ್ಲಿಯಲ್ಲಿ ರೈಸ್ ಮಿಲ್. ಜೊತೆಗೆ ಗಂಗಾಂಬಿಕಾ ಮೇಡಂ, ಇಲ್ಲೇ ಹೊಸಪೇಟೆಯಲ್ಲಿ ಸೀರೆ ಅಂಗಡಿ. ಅಂಗಡಿಯ ಮಹಡಿ ಮೇಲೆ, ಗಿರಾಕಿಗಳು ಕೂರುವ ಗಾದಿಯ ಮೇಲೇ ನಮ್ಮ ಮೀಟಿಂಗ್. ನಾನು ಯಂಗ್ ವಾಲಂಟಿಯರ್ ಅಂತೆ. ಫೋನ್ ಬಂದಾಗ ಬೇಡ ಅನ್ನಲು ಬರಲಿಲ್ಲ. ನನಗೆ ಬರುವುದೇ ಇಲ್ಲ.

7 ಸೆಪ್ಟೆಂಬರ್, ಭಾನುವಾರ

ಟ್ರೇನಿಂಗ್. ಕಮಲಾಪುರದ ಹೋಟೆಲ್ ಹಾಲ್. ಹೊರಗೆ ಹಂಪಿಗೆ ಹೋಗುವ ಫಾರಿನರ್ಸ್, ಬಾಡಿಗೆ ಸೈಕಲ್. ಒಳಗೆ ನಾವು ಹದಿನಾಲ್ಕು ಜನ, ಕೈಯಲ್ಲಿ ಲ್ಯಾಮಿನೇಟ್ ಮಾಡಿದ ರೂಲ್ಸ್ ಕಾರ್ಡ್.

ಹಾಲೇಶ್ ಸರ್ ನಿಂತು ಹೇಳಿದರು: "ಮೊದ್ಲು ನಾವ್ ಕೊಡಬೇಕು, ಆಮ್ಯಾಲೆ ಇನ್ನೊಬ್ಬರನ್ನ ಕೇಳಬೇಕು. ಒಬ್ರೇ ಹೋಗಂಗಿಲ್ಲ, ಜೋಡಿ ಹೋಗಬೇಕು. ಕೇಳಿದ್ ಮ್ಯಾಲೆ ಬಾಯಿ ಮುಚ್ಕಂಡು ಕುಂದ್ರಬೇಕು. ಅವ್ರು ಮಾತಾಡೋತನಕ ನಾವ್ ಮಾತಾಡಂಗಿಲ್ಲ."

ಪ್ರಾಕ್ಟೀಸ್. ಸರ್ ದಾನಿ, ಗಂಗಾಂಬಿಕಾ ಮೇಡಂ ಕೇಳುವವರು. ಮೇಡಂ ಕೇಳಿದರು, ಸುಮ್ಮನಾದರು, ಹತ್ತು ಸೆಕೆಂಡ್ ತಡೆದರು, ಆಮೇಲೆ — "ಚಾ ತರಸ್ಲೇನ್ರಿ?"

ಎಲ್ಲರೂ ನಕ್ಕರು. "ಮೇಡಂ, ಸೀರಿ ಮಾರಿ ಮಾರಿ ನಿಮಗ ಸುಮ್ನ ಕುಂದ್ರೋದ ಮರ್ತು ಹೋಗೇತಿ," ಅಂದರು ಸರ್.

ನನ್ನ ಸರದಿ. ಕೇಳಿದೆ. ಸುಮ್ಮನೆ ಕೂತೆ. ನಾಲ್ಕು ನಿಮಿಷ. ಕೊನೆಗೆ ಸರ್ ತಾವೇ ಸೋತು ಎದ್ದರು. "ಈಕಿನ್ ನೋಡ್ರಿ. ಕಲ್ಲು. ಮಸ್ತ್."

ಹೊಗಳಿಕೆ ಅಂತ ಇಟ್ಟುಕೊಂಡೆ.

16 ಸೆಪ್ಟೆಂಬರ್, ಮಂಗಳವಾರ

ಹುಡುಗಿಯರ ಥ್ಯಾಂಕ್ಯೂ ಲೆಟರ್‌ಗಳು ಬಂದವು. ಹನ್ನೆರಡು. ಈ ವರ್ಷದ ಸೀಟಿಗೆ ಕೊಟ್ಟವರಿಗೆ ಆ ಹುಡುಗಿಯೇ ಕೈಯಾರೆ ಬರೆಯಬೇಕು. ಅದನ್ನು ಓದಿ ಅವರು ಹತ್ತನೇ ಕ್ಲಾಸ್ ತನಕ ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಸೀಟು ಒಂದೇ ವರ್ಷಕ್ಕೆ.

ಹನ್ನೆರಡೂ ಒಂದೇ. "ನಾನು ಕ್ಷೇಮ, ತಮ್ಮ ಔದಾರ್ಯಕ್ಕೆ ಚಿರಋಣಿ." ಬೋರ್ಡ್ ನೋಡಿ ಕಾಪಿ. ಒಬ್ಬಳಂತೂ ಮೂಲೆಯಲ್ಲಿದ್ದ "ಅಳಿಸಬೇಡಿ" ಅನ್ನುವುದನ್ನೂ ಸೇರಿಸಿದ್ದಾಳೆ.

ಗಂಗಾಂಬಿಕಾ ಮೇಡಂ ಹಣೆ ಹಿಡಿದುಕೊಂಡರು. "ಇವನ್ನ ಕಳ್ಸಿದ್ರ ಮುಂದಿನ ವರ್ಷ ಒಬ್ರೂ ಫೋನ್ ಎತ್ತಂಗಿಲ್ಲ. ಭಾಗ್ಯಾ, ನೀ ಬರಿಯವ್ವಾ. ನೀನೂ ಅದ ಹಾಸ್ಟೆಲ್‌ದಾಕಿ. ಅವ್ರು ಸಹಿ ಹಾಕ್ತಾರ."

ಅದು ತಪ್ಪಲ್ಲವಾ ಮೇಡಂ ಅಂತ ಕೇಳಬೇಕಿತ್ತು. ಯಾವ ಪೇಪರ್ ಮೇಲೆ ಮೇಡಂ ಅಂತ ಕೇಳಿದೆ.

18 ಸೆಪ್ಟೆಂಬರ್, ಗುರುವಾರ, ಮಧ್ಯಾಹ್ನ

ಲೈಬ್ರರಿ. ಹನ್ನೊಂದು ಮುಗಿದವು. ಈಸಿ. ಒಬ್ಬಳಿಗೆ ಕಬಡ್ಡಿ, ಒಬ್ಬಳಿಗೆ ಮೊದಲ ದಿನ ಬಂಕ್ ಬೆಡ್‌ನಿಂದ ಬಿದ್ದದ್ದು, ಒಬ್ಬಳಿಗೆ ಗಣಿತದ ಭಯ.

ಹನ್ನೆರಡನೆಯದು ಸುಷ್ಮಿತಾ, ಏಳನೇ ಕ್ಲಾಸ್, ಊರು ಬಂಡ್ರಿ. ಫಾರ್ಮ್‌ನಲ್ಲಿ ಒಂದೇ ಸಾಲು — ತಂದೆ ಈಶ್ವರ್, ಕಂಪನಿ ಬಸ್ ಡ್ರೈವರ್. ಬರೆಯಲು ಏನೂ ಇಲ್ಲ. ತಲೆ ಖಾಲಿ. ಡ್ರೈವರ್ ಅನ್ನುವ ಪದ ಮಾತ್ರ ಇತ್ತು. ಬರೆದೆ.

ನನ್ನ ಅಪ್ಪ ಅದಿರು ಲಾರಿ ಓಡಿಸುತ್ತಿದ್ದರು. ಭೇಟಿ ಭಾನುವಾರ ಲಾರಿಯನ್ನು ಗೇಟಿನಿಂದ ದೂರ ನಿಲ್ಲಿಸಿ ನಡೆದು ಬರುತ್ತಿದ್ದರು, ಕಾರಿನಲ್ಲಿ ಬರುವವರ ಮುಂದೆ ನನಗೆ ನಾಚಿಕೆಯಾಗಬಾರದೆಂದು. ಕೈಗೆ ಗ್ರೀಸ್. ಎಷ್ಟು ತೊಳೆದರೂ ಉಗುರಲ್ಲಿ ಉಳಿಯುತ್ತಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಮಾತಾಡುತ್ತಿದ್ದರು. ನವೆಂಬರ್ ಒಂಬತ್ತರಂದು ಮರಿಯಮ್ಮನಹಳ್ಳಿ ಹತ್ತಿರ ಲಾರಿ ಪಲ್ಟಿ. ನನಗೆ ಹೇಳಿದ್ದು ಎರಡು ದಿನದ ಮೇಲೆ, ಯೂನಿಟ್ ಟೆಸ್ಟ್ ಮುಗಿದ ಮೇಲೆ.

ಸುಷ್ಮಿತಾ ಹೆಸರಲ್ಲಿ ಒಂದೂಕಾಲು ಪುಟ. ಯಾರಿಗೂ ಹೇಳಿರದ ವಿಷಯ. ಪಿಯುಸಿ ರೂಮ್‌ಮೇಟ್ಸ್‌ಗೂ ಹೇಳಿರಲಿಲ್ಲ. ಬರೆದಾದ ಮೇಲೆ ಅಳು ಬರಬಹುದು ಅಂತ ಸ್ವಲ್ಪ ಕಾದೆ. ಬರಲಿಲ್ಲ. ಕ್ಯಾಂಟೀನ್‌ಗೆ ಹೋಗಿ ಎಗ್ ಪಫ್ ತಿಂದೆ.

20 ಸೆಪ್ಟೆಂಬರ್, ಶನಿವಾರ

ಶಾಲೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದೆ. ಆಟದ ಪೀರಿಯಡ್. ಯಾರೂ ಓದಲಿಲ್ಲ, ಅವಸರ. ಸುಷ್ಮಿತಾ ಹೆಸರಿನ ಕೆಳಗೆ ಎರಡು ಗೆರೆ ಎಳೆದು ಓಡಿಹೋದಳು. ಅಂಗಡಿಯಲ್ಲಿ ಗಂಗಾಂಬಿಕಾ ಮೇಡಂ ಮೊದಲ ಮೂರು ಓದಿ, ಸಾಕು ಅಂದು, ಎಲ್ಲವನ್ನೂ ಕವರಿಗೆ ಹಾಕಿದರು.

12 ಅಕ್ಟೋಬರ್, ಭಾನುವಾರ

ಬರೆಯಲಿಲ್ಲ ಇಷ್ಟು ದಿನ. ಬರೆಯುವಂಥದ್ದೇನೂ ಇರಲಿಲ್ಲ. ಇಂಟರ್ನಲ್ಸ್, ದಸರಾ ರಜೆ, ಜ್ವರ.

ಬೆಳಿಗ್ಗೆ ಹಾಲೇಶ್ ಸರ್ ಫೋನ್. ಸುಷ್ಮಿತಾಳ ದಾನಿ ಕಂಪ್ಲಿಯ ಅಂದಾನಪ್ಪನವರು, ಗೊಬ್ಬರದ ಅಂಗಡಿ, ಸರ್‌ಗೆ ಸಂಬಂಧದಲ್ಲಿ ದೊಡ್ಡಪ್ಪ. ಹತ್ತನೇ ಕ್ಲಾಸ್ ತನಕ ಸೀಟು ನಮ್ಮದೇ ಅಂದರಂತೆ. ಅವರ ಹೆಂಡತಿ ಪತ್ರವನ್ನು ಮನೆಗೆ ಬಂದವರಿಗೆಲ್ಲ ಓದಿ ಹೇಳುತ್ತಾರಂತೆ. ಹುಡುಗಿಯನ್ನು ನೋಡಬೇಕಂತೆ.

"ಏನ್ ಬರ್ದಿ ಲೇ ಅಂಥಾದ್ದು?"

ಹೇಳಿದೆ. 

"ಆ ಹುಡುಗಿ ಅಪ್ಪ ಅದಾನನು?"

"ಅದಾರ ಸರ್."

"ಸತ್ತಿದ್ದು ನಿಮ್ಮಪ್ಪ."

"ಹೌದು ಸರ್."

"…ಆತು. ಕರ್ಕಂಡ್ ಬಾ. ಆಕಿ ಮಾತಾಡದು ಬ್ಯಾಡ. ಮಾತು ನಾ ನೋಡ್ಕಂತೀನಿ."

19 ಅಕ್ಟೋಬರ್, ಭಾನುವಾರ, ಸಂಜೆ

ಕಂಪ್ಲಿ. ಸರ್ ಕಾರು. ದಾರಿಯುದ್ದಕ್ಕೂ ಸುಷ್ಮಿತಾ ಕಿಟಕಿಯ ಹತ್ತಿರ. ಬಾಳೆ ತೋಟ, ಕಾಲುವೆ, ಭತ್ತ. "ಅಕ್ಕಾ, ನಮ್ಮಪ್ಪ ಹೋದ್ ಐತಾರ ಬಂದಿದ್ದ. ಖಾರ ಮಂಡಕ್ಕಿ ತಂದಿದ್ದ." ಸರ್ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಅಲ್ಲಿ ಯಾರರ ಏನರ ಕೇಳಿದ್ರ ಸುಮ್ನಿರಬೇಕು, ಆತನು?" ಅಂದರು ಅವಳಿಗೆ. ಅವಳು ತಲೆಯಾಡಿಸಿದಳು. ಹಾಸ್ಟೆಲ್ ಹುಡುಗಿ. ಯಾಕೆ ಅಂತ ಕೇಳಲಿಲ್ಲ.

ದೊಡ್ಡ ಮನೆ. ಮೊಮ್ಮಕ್ಕಳ ಗಲಾಟೆ, ಟಿವಿಯಲ್ಲಿ ಕಾರ್ಟೂನ್, ಪಡಸಾಲೆಯ ತನಕ ಯೂರಿಯಾ ವಾಸನೆ. "ಬರ್ರಿ, ಕುಂದ್ರಿ." ಅಂದಾನಪ್ಪನವರ ಹೆಂಡತಿ ಮರುಳಸಿದ್ದಮ್ಮ ಸುಷ್ಮಿತಾಳನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡರು. ಕೊಬ್ಬರಿ ಮಿಠಾಯಿ ಕೊಟ್ಟರು. ಅವಳ ಬೆರಳುಗಳನ್ನೇ ಸವರುತ್ತಿದ್ದರು.

"ಕೈಗೆ ಗ್ರೀಸ್ ಇರ್ತಿತ್ತು ಅಂತ ಬರ್ದಿಯಲ್ಲವ್ವಾ. ತೊಳಿಯಾಕ ಏನ್ ಹಚ್ತಿದ್ದ ನಿಮ್ಮಪ್ಪ?"

ಸುಷ್ಮಿತಾ ನನ್ನ ಕಡೆ ನೋಡಿದಳು. ಸರ್ ಕೂಡ. ಸಕ್ಕರೆ. ನನ್ನ ಅಪ್ಪ ಬಟ್ಟೆ ಸೋಪಿಗೆ ಒಂದು ಮುಷ್ಟಿ ಸಕ್ಕರೆ ಹಾಕಿ ಉಜ್ಜುತ್ತಿದ್ದರು. ಅವ್ವ ಬೈಯುತ್ತಿದ್ದಳು. ಬಾಯಿಯ ತನಕ ಬಂತು. ತೆರೆಯಲಿಲ್ಲ.

"ನನಗ ಗೊತ್ತಿಲ್ಲ ಅಜ್ಜಿ."

"ಸಣ್ಣಾಕಿ. ಮರ್ತಾಳ." ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಆಗಿದ್ದನ್ನ ಕೆದಕಿ ಹುಡುಗೀನ ಯಾಕ ಅಳಸ್ತಿ, ಬಿಡು," ಅಂದರು ಅಂದಾನಪ್ಪನವರು. ಸುಷ್ಮಿತಾ ಅಳುತ್ತಿರಲಿಲ್ಲ. ಮಿಠಾಯಿ ಚೀಪುತ್ತಿದ್ದಳು. ಅಂದಾನಪ್ಪನವರು ಹತ್ತನೇ ಕ್ಲಾಸ್ ತನಕದ ಫಾರ್ಮ್‌ಗೆ ಸಹಿ ಹಾಕಿದರು.

ವಾಪಸ್ಸು ಬರುವಾಗ, ಊರು ದಾಟಿದ ಮೇಲೆ: "ಅಕ್ಕಾ, ಆ ಅಜ್ಜಿ ನಮ್ಮಪ್ಪ ಸತ್ತಾನ ಅಂತ ತಿಳ್ಕಂಡಾಳನು?"

 ಸರ್ ರೇಡಿಯೋ ಹಾಕಿದರು.

30 ಅಕ್ಟೋಬರ್, ಗುರುವಾರ

ಸೀರೆ ಅಂಗಡಿ. ಅರ್ಜೆಂಟ್ ಮೀಟಿಂಗ್, ಮೂರೇ ಜನ.

ಮರುಳಸಿದ್ದಮ್ಮ ನವೆಂಬರ್ ಒಂಬತ್ತು ಅನ್ನುವುದನ್ನು ಪತ್ರದಿಂದ ಕ್ಯಾಲೆಂಡರಿಗೆ ಬರೆದುಕೊಂಡಿದ್ದಾರೆ. ಈ ಸಲ ಭಾನುವಾರ. ಹಾಸ್ಟೆಲ್‌ನ ಎಲ್ಲ ಹುಡುಗಿಯರಿಗೂ ಅವತ್ತು ಹೋಳಿಗೆ ಊಟ ಹಾಕಿಸುತ್ತಾರೆ. ಕುರ್ಚಿಯ ಮೇಲೆ ತಂದೆಯ ಫೋಟೋ ಇಡಬೇಕು. ಸುಷ್ಮಿತಾ ಹಾರ ಹಾಕಬೇಕು. ಅವಳ ತಾಯಿಯನ್ನೂ ಕರೆಸಬೇಕು.

ಗಂಗಾಂಬಿಕಾ ಮೇಡಂ ಮಡಿಸುತ್ತಿದ್ದ ಸೀರೆ ಕೆಳಗಿಟ್ಟರು. "ಬದುಕಿರೋ ಗಂಡಸಿನ ಫೋಟೋಕ್ಕ ಹಾರ ಹಾಕ್ಸೋ ಪಾಪ ನನಗ ಬ್ಯಾಡ ಹಾಲೇಶ್. ಆ ಹುಡುಗಿ ತಾಯಿ ನನ್ ಅಂಗಡಿ ಮುಂದ ಬಂದು ಮಣ್ಣು ತೂರ್ತಾಳ."

"ಆತಂದು ಯಾಕ ಇಡಾಣ ಮೇಡಂ. ಭಾಗ್ಯಾನ ಅಪ್ಪಂದು ಇಡಾಣ. ಊಟ ಆತನ ಹೆಸರ್ಲೇ ಆಗ್ತತಿ, ಅದರಾಗ ಸುಳ್ಳೇನೈತಿ. ಹಾರ ಹಾಕೋ ಕೈ ಒಂದ ಬ್ಯಾರೆ."

"ದೊಡ್ಡಮ್ಮಗ ಖರೇ ಹೇಳಿಬಿಡು."

"ಹೇಳಿದ್ರ ದೊಡ್ಡಪ್ಪ ಸೀಟು ತಗೀತಾನ. ಅಲ್ಲಿಗೆ ನಿಂದ್ರಂಗಿಲ್ಲ. ಉಳಿದ್ ಹನ್ನೊಂದು ಮಂದಿ ತಮ್ ತಮ್ ಪತ್ರ ಯಾರ್ ಬರದ್ರು ಅಂತ ಕೇಳ್ತಾರ. ಬರಿಯವ್ವಾ ಅಂದೋರು ನೀವು."

ಮೇಡಂ ಸೀರೆಯನ್ನು ಮತ್ತೆ ಕೈಗೆತ್ತಿಕೊಂಡರು. ಅಂಚು ಕೂಡಿಸಿದರು, ಬಿಚ್ಚಿದರು, ಕೂಡಿಸಿದರು. ನಂತರ ನನ್ನನ್ನು ಕೇಳಿದರು. "ನೀ ಏನಂತಿಯವ್ವಾ?"

"ಆಗಲಿ ಮೇಡಂ."

ಅಷ್ಟೇ ಅಂದೆ. 

2 ನವೆಂಬರ್, ಭಾನುವಾರ

ಯಶವಂತನಗರ. ಅವ್ವನ ಮನೆ. ಅವ್ವ ಕಂಪನಿ ಕ್ಯಾಂಟೀನ್‌ನಲ್ಲಿ ಅಡುಗೆ, ಭಾನುವಾರ ಅರ್ಧ ದಿನ ರಜೆ. ಬಾಗಿಲ ಮುಂದೆ ಕೆಂಪು ಧೂಳು, ಕಸಬರಿಗೆಯಿಂದ ಗುಡಿಸುತ್ತಿದ್ದಳು. ಹೋದ ತಕ್ಷಣ ಫೋಟೋ ಬೇಕು ಅಂದೆ. ಲೈಸೆನ್ಸಿನ ಫೋಟೋ ದೊಡ್ಡದು ಮಾಡಿಸಿದ್ದು, ಅದೊಂದೇ ಇರುವುದು. ಸ್ಟೂಲ್ ಹತ್ತಿ ಇಳಿಸಿದಳು. ಸೆರಗಿನಿಂದ ಗಾಜು ಒರೆಸಿದಳು.

"ಭಾಳ ಚೊಲೋ ಆತು. ಶಾಲ್ಯಾಗ ಊಟ ಹಾಕ್ತಾರಂದ್ರ ಸಣ್ಣ ಮಾತಲ್ಲ. ಹಾರ ನೀನ ಹಾಕ್ತಿಯಲ್ಲ?"

"ಇಲ್ಲ. ಸುಷ್ಮಿತಾ ಅಂತ, ಏಳನೇ ಕ್ಲಾಸು."

"ಆಕಿ ಯಾಕ?"

ಎಲ್ಲ ಹೇಳಿದೆ. ನಿಂತುಕೊಂಡೇ ಕೇಳಿದಳು.

"ನೀ ಏನ್ ಮಾಡ್ತಿ ಅವತ್ತು?"

"ಬಡಿಸ್ತೀನಿ."

ಅವ್ವ ಸ್ಟೂಲಿನ ಮೇಲೆ ಕೂತಳು. ಫೋಟೋ ತೊಡೆಯ ಮೇಲೆ. "ನಾ ಸುದ್ದಿ ಹೇಳಾಕ ಬಂದಾಗ ನಿನಗ ಪರೀಕ್ಷಿ ಐತಿ ಅಂತ ಗೇಟ್‌ನ್ಯಾಗ ನಿಂದ್ರಿಸಿದ್ರು. ಎರಡ್ ದಿನ ನಿನಗ ಹೇಳಗೊಡಲಿಲ್ಲ. ನಿನಗ ಗೊತ್ತನು?"

ಗೊತ್ತಿರಲಿಲ್ಲ. ಅವ್ವ ನಾಲ್ಕು ವರ್ಷ ಹೇಳಿರಲಿಲ್ಲ.

"ಮಣ್ಣು ಕೊಡೋ ಹೊತ್ತಿಗೆ ನೀ ಇರಲಿಲ್ಲ. ಈಗ ಹಾರ ಹಾಕೋ ಹೊತ್ತಿಗೂ ಇರಂಗಿಲ್ಲ." ಬೈಯುವ ದನಿಯಲ್ಲ. ಸಂತೆ ಲೆಕ್ಕ ಹೇಳುವ ದನಿ. ಆಮೇಲೆ ಹಳೇ ಪೇಪರ್ ತಂದು ಫೋಟೋ ಸುತ್ತಿದಳು, ದಾರ ಕಟ್ಟಿದಳು. "ತಗಂಡು ಹೋಗು. ಆ ಹುಡುಗಿ ಸೀಟು ಹೋಗದು ಬ್ಯಾಡ. ನಾ ಮಾತ್ರ ಬರಂಗಿಲ್ಲ."

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರ್ ಕೇಳಿದರು, "ಏನವ್ವಾ, ದೇವರ ಫೋಟೋನಾ? ಒಡದೀತು, ಹಿಡ್ಕ." ಹೂಂ ಅಂದೆ. ಸಂಡೂರು ದಾಟುವ ಹೊತ್ತಿಗೆ ಕೈ ಜೋಮು ಹಿಡಿದಿತ್ತು. ಬದಲಾಯಿಸಲಿಲ್ಲ.

4 ನವೆಂಬರ್, ಮಂಗಳವಾರ

ಫೋಟೋ ಟ್ರಂಕಿನ ಮೇಲಿದೆ. ಬಿಚ್ಚಿಲ್ಲ. ಮೇಡಂ ಮೆಸೇಜ್: ಫೋಟೋ ಸೈಜ್ ಕಳಿಸು, ಹಾರ ಆರ್ಡರ್ ಮಾಡಬೇಕು. ಸ್ಕೇಲ್ ತೆಗೆದುಕೊಂಡೆ. ಪೇಪರ್ ಮೇಲಿಂದಲೇ ಅಳೆದೆ. ಹನ್ನೆರಡು ಇಂಚು, ಹತ್ತು ಇಂಚು. ಟೈಪ್ ಮಾಡಿದೆ. ಕಳಿಸಲಿಲ್ಲ.

5 ನವೆಂಬರ್, ಬುಧವಾರ, ಬೆಳಿಗ್ಗೆ 9.20

ಕ್ಲಾಸಿಗೆ ಹೋಗಿಲ್ಲ. ಕಂಪ್ಲಿಗೆ ಪತ್ರ ಬರೆದೆ. ಕೊರಿಯರ್ ಅಂಗಡಿಯವನು ನಾಳೆ ಮುಟ್ಟುತ್ತದೆ ಅಂದ. ಸರ್‌ಗೆ, ಮೇಡಂಗೆ ಕಳಿಸಿದ ಮೇಲೆಯೇ ತಿಳಿಸಿದೆ. ಮೇಡಂ "ಹ್ಞೂಂ" ಅಂತ ಒಂದೇ ಪದ ಹಾಕಿದರು. ಸರ್ ಆರು ಸಲ ಫೋನ್. ಎತ್ತಿಲ್ಲ. ಏನು ಬರೆದೆ ಅಂತ ಆಮೇಲೆ ಮರೆಯಬಾರದು, ಕಾಪಿ ಇಲ್ಲಿರಲಿ.

"ಮರುಳಸಿದ್ದಮ್ಮನವರಿಗೆ ನಮಸ್ಕಾರ. ನಾನು ಭಾಗ್ಯ. ಅವತ್ತು ಸುಷ್ಮಿತಾಳ ಜೊತೆ ನಿಮ್ಮ ಮನೆಗೆ ಬಂದು ಮೂಲೆಯಲ್ಲಿ ಕೂತಿದ್ದವಳು. ನೀವು ಓದುತ್ತಿರುವ ಪತ್ರ ನಾನು ಬರೆದದ್ದು. ಸುಷ್ಮಿತಾ ಅದನ್ನು ಓದಿಯೂ ಇಲ್ಲ, ಸಹಿ ಮಾತ್ರ ಹಾಕಿದಳು. ಅವಳ ಅಪ್ಪ ಈಶ್ವರ್ ಚೆನ್ನಾಗಿದ್ದಾರೆ, ಬಸ್ ಓಡಿಸುತ್ತಾರೆ. ಪತ್ರದಲ್ಲಿರುವವರು ನನ್ನ ಅಪ್ಪ. ಅವರ ಹೆಸರು ಮೈಲಾರಲಿಂಗಪ್ಪ. ಅದನ್ನು ಆ ಪತ್ರದಲ್ಲಿ ಬರೆಯಲು ಆಗಿರಲಿಲ್ಲ.

ತಪ್ಪು ನನ್ನದು. ಸುಷ್ಮಿತಾಳದಲ್ಲ. ಅವಳು ನಿಮಗೆ ಒಂದೇ ಮಾತು ಹೇಳಿದಳು, ಗೊತ್ತಿಲ್ಲ ಅಜ್ಜಿ ಅಂತ. ಅದು ನಿಜ. ಅವಳ ಸೀಟು ತೆಗೆಯಬೇಡಿ.

ಭಾನುವಾರ ಊಟ ಬೇಡ ಅಂದರೆ ಬೇಡ. ಫೋಟೋ ನನ್ನ ಹತ್ತಿರ ಇದೆ. ಹಾರ ಹಾಕುವುದಿದ್ದರೆ ನಾನು ಹಾಕುತ್ತೇನೆ, ಹಾಗಾದರೆ ನಮ್ಮ ಅವ್ವನೂ ಬರುತ್ತಾಳೆ. ಅವಳಿಗೆ ಬಸ್ಸು ಹತ್ತು ಅಂತ ನಾನು ಶನಿವಾರದೊಳಗೆ ಹೇಳಬೇಕು. ಆದ್ದರಿಂದ ಏನಿದ್ದರೂ ದಯವಿಟ್ಟು ಜಲ್ದಿ ಉತ್ತರ ಕೊಡಿ. ನನ್ನ ನಂಬರ್ ಕೆಳಗಿದೆ."